ಬಂಡೆಯ ಮೇಲಿನ ಕಾಡುಕುರಿ, ಕೋವಿ ಹಿಡಿದವರ ಕಾವಲು

ಮುನ್ನಾರಿನ ಚಹಾ ತೋಟಗಳು ಮುಗಿದು ಹುಲ್ಲಿನ ಗುಡ್ಡಗಳು ಶುರುವಾಗುವ ಕಡೆ ರಾಜಮಲೆ. ಅಲ್ಲಿಂದಾಚೆಗೆ 97 ಚದರ ಕಿಲೋಮೀಟರಿನ ಇರವಿಕುಳಂ ರಾಷ್ಟ್ರೀಯ ಉದ್ಯಾನ. ಬಸ್ಸಿಳಿದು ಏರುದಾರಿಯಲ್ಲಿ ನಡೆಯುವಾಗ ಆನೆಮುಡಿಯ ಬೋಳು ನೆತ್ತಿ ಮಂಜಿನಲ್ಲಿ ಒಮ್ಮೆ ಕಾಣುತ್ತದೆ, ಒಮ್ಮೆ ಅಳಿಸಿಹೋಗುತ್ತದೆ. ಪಕ್ಕದಲ್ಲಿ ಕಪ್ಪು ಬಂಡೆ, ಬಂಡೆಯ ಮೇಲಿಂದ ಜಿನುಗುವ ನೀರು, ನೀರು ಜಿನುಗಿದ ಕಡೆಯೆಲ್ಲ ಒಂದಿಷ್ಟು ಹಸಿರು. ಆ ಹಸಿರಿನ ಗೆರೆಯನ್ನೇ ಹಿಡಿದು ನಾಲ್ಕು ಪ್ರಾಣಿಗಳು ಮೇಯುತ್ತ ಇಳಿದು ಬಂದವು. ದಾರಿಯ ಕಟ್ಟೆಯಿಂದ ಕೈಚಾಚಿದರೆ ಸಿಗುವಷ್ಟು ಹತ್ತಿರ. ನನ್ನ ಪಕ್ಕದಲ್ಲಿದ್ದ ಮಗು ಉಸಿರು ಬಿಗಿಹಿಡಿದು ನಿಂತಿತ್ತು, ನಾನೂ ಹಾಗೆಯೇ.

ಅದು ನೀಲಗಿರಿ ತಾರ್. ತಮಿಳಿನಲ್ಲಿ ವರೆಯಾಡು. ಗಿಡ್ಡ ಕೂದಲು, ಗಟ್ಟಿ ಮೈ, ಹಿಂದಕ್ಕೆ ಬಾಗಿದ ಕೊಂಬು. ಕೊಂಬಿನ ಬುಡದಿಂದ ತುದಿಯವರೆಗೆ ಸಣ್ಣ ಸಣ್ಣ ಮಡಿಕೆಗಳು, ಮಡಿಕೆಗಳ ನಡುವೆ ಮಣ್ಣು ಮೆತ್ತಿದೆ. ಹೆಣ್ಣು ಬೂದು ಬಣ್ಣದ್ದು, ಐವತ್ತು ಕಿಲೋ ತೂಗಬಹುದು. ಗಂಡು ಅದರ ಎರಡು ಪಾಲು. ವಯಸ್ಸಿಗೆ ಬಂದ ಗಂಡಿನ ಮೈ ಕಡುಕಂದು ಬಣ್ಣಕ್ಕೆ ತಿರುಗಿ, ಬೆನ್ನ ನಡುವೆ ಜೀನು ಹೊದಿಸಿದ ಹಾಗೆ ಬೆಳ್ಳಿಯ ಬಣ್ಣದ ಪಟ್ಟೆ ಮೂಡುತ್ತದೆ. ಮುಂಗಾಲ ಮಂಡಿಯ ಮೇಲೆ ಬಿಳಿ ಮಚ್ಚೆ. ಮೇಯುತ್ತಿದ್ದ ಹೆಣ್ಣುಗಳಲ್ಲಿ ಒಂದು ಮಾತ್ರ ಮೇಯದೆ ಬಂಡೆಯ ಅಂಚಿನಲ್ಲಿ ನಿಂತು ಕೆಳಗಿನ ಕಣಿವೆಯನ್ನೇ ನೋಡುತ್ತಿತ್ತು. ಚಿರತೆಯೋ ಸೀಳುನಾಯಿಯೋ ಕಂಡರೆ ಸಿಳ್ಳೆಯಂಥ ಸದ್ದು ಮಾಡುವುದು ಈ ಕಾವಲುಗಾರ್ತಿಯೇ. ಸಿಳ್ಳೆ ಕೇಳಿದ್ದೇ ತಡ, ಮಂದೆಯೆಲ್ಲ ಮನುಷ್ಯರು ಕಾಲಿಡಲಾಗದ ಬಂಡೆಯ ಮುಖಕ್ಕೆ ಇಳಿದುಬಿಡುತ್ತದೆ. ಅಲ್ಲಿ ಅದನ್ನು ಹಿಂಬಾಲಿಸಿ ಹೋಗುವ ಧೈರ್ಯ ಸೀಳುನಾಯಿಗೂ ಇಲ್ಲ.

ಬಹುಕಾಲ ಇದನ್ನು ಹಿಮಾಲಯದ ತಾರ್‌ನ ದಾಯಾದಿ ಎಂದೇ ನಂಬಿದ್ದರು. ನೋಡಿದವರು ಆಡು ಎಂದರು, ಬೇಟೆಗೆ ಬಂದ ಇಂಗ್ಲಿಷರು ಐಬೆಕ್ಸ್ ಎಂದರು. 2005ರಲ್ಲಿ ಫ್ರಾನ್ಸಿನ ಇಬ್ಬರು ವಿಜ್ಞಾನಿಗಳು ಇದರ ಡಿಎನ್‌ಎ ಪರೀಕ್ಷಿಸಿದಾಗ ಬೇರೆಯೇ ಕಥೆ ಹೊರಬಿತ್ತು. ಇದರ ಹತ್ತಿರದ ನೆಂಟರು ಆಡುಗಳಲ್ಲ, ಕುರಿಗಳು. ಮಳವಳ್ಳಿ ಸೀಮೆಯ ಬಂಡೂರು ಕುರಿ, ಮಧ್ಯ ಏಷ್ಯಾದ ಕಾಡುಕುರಿ, ಅಮೆರಿಕದ ರಾಕಿ ಬೆಟ್ಟಗಳ ದೊಡ್ಡ ಕೊಂಬಿನ ಕುರಿ, ಇವೆಲ್ಲ ಇದರ ಬಳಗ. ದಕ್ಷಿಣ ಭಾರತಕ್ಕೆ ಸ್ವಂತದ್ದೊಂದು ಬೆಟ್ಟದ ಕುರಿ ಇದೆ ಎಂದರೆ ಅದು ಇದೇ. ಪಶ್ಚಿಮ ಘಟ್ಟದ ತೆಂಕಣ ತುದಿಯ ಎತ್ತರದ ಹುಲ್ಲುಗಾವಲು ಬಿಟ್ಟು ಜಗತ್ತಿನಲ್ಲಿ ಇನ್ನೆಲ್ಲೂ ಇದು ಕಾಡಿನಲ್ಲಿ ಬದುಕಿಲ್ಲ.

ಈ ಪ್ರಾಣಿ ಮನುಷ್ಯರಿಗೆ ಇಷ್ಟು ಹತ್ತಿರ ಬರಲು ಕಾರಣ ಇದೆ. ಬೇಟೆಗಾರರು ಇದನ್ನು ಇಲ್ಲಿ ಒಂದು ತಲೆಮಾರಿಗೂ ಹೆಚ್ಚು ಕಾಲ ಕಾದಿದ್ದರು. ಬೇಟೆಗಾರರು ಎಂದೇ ಹೇಳುತ್ತಿದ್ದೇನೆ. 1928ರಲ್ಲಿ ಇಲ್ಲಿನ ಚಹಾ ತೋಟದ ದೊರೆಗಳು ಸೇರಿ ಹೈ ರೇಂಜ್ ಗೇಮ್ ಪ್ರಿಸರ್ವೇಷನ್ ಅಸೋಸಿಯೇಷನ್ ಕಟ್ಟಿಕೊಂಡರು. ಹೆಸರೇ ಹೇಳುವಂತೆ ಅವರಿಗೆ ಬೇಕಿದ್ದದ್ದು ಬೇಟೆಯ ಪ್ರಾಣಿ ಉಳಿಯುವುದು. ಈ ಗುಡ್ಡಗಳಿಗೆ ಚಹಾ ಗಿಡ ಹತ್ತಿಸದೆ, ಬೇಟೆಗೂ ಮೀನಿಗೂ ಮೀಸಲಿಟ್ಟರು. ಕಾವಲಿಗೆ ಮುದುವರನ್ನು ಇಟ್ಟರು. ಮುದುವರು ಈ ಬೆಟ್ಟದ ಮೂಲನಿವಾಸಿಗಳು. ಹುಲ್ಲಿನ ಯಾವ ಮಡಿಲಲ್ಲಿ ಯಾವ ತಿಂಗಳು ಮಂದೆ ಮಲಗುತ್ತದೆ ಎಂದು ಬಲ್ಲವರು ಅವರು. ಉರುಳು ಹಾಕಲು ಬಂದವರ ಜಾಡು ಹಿಡಿಯುವುದೂ ಅವರಿಗೇ ಗೊತ್ತು. 1971ರಲ್ಲಿ ಕೇರಳ ಸರ್ಕಾರ ಕಣ್ಣನ್ ದೇವನ್ ಚಹಾ ಕಂಪನಿಯ ಭೂಮಿಯನ್ನು ವಶಕ್ಕೆ ತೆಗೆದುಕೊಂಡಾಗ ಈ ಹುಲ್ಲುಗಾವಲನ್ನು ತುಂಡು ಮಾಡಿ ಹಂಚಿಬಿಡುವ ಸಾಧ್ಯತೆ ಎದುರಿತ್ತು. ಹಾಗಾಗಲಿಲ್ಲ. 1975ರಲ್ಲಿ ಅಭಯಾರಣ್ಯ, 1978ರಲ್ಲಿ ರಾಷ್ಟ್ರೀಯ ಉದ್ಯಾನ. ಅಸೋಸಿಯೇಷನ್ನಿನವರು ಕೋವಿ ಕೆಳಗಿಟ್ಟ ಮೇಲೂ ಅರಣ್ಯ ಇಲಾಖೆಯ ಜೊತೆ ನಿಂತು ಕಾವಲು, ಎಣಿಕೆ, ಬೆಂಕಿಗೆರೆ ನೋಡಿಕೊಂಡರು. ವನ್ಯಜೀವಿ ವಿಜ್ಞಾನಿ ಜಾರ್ಜ್ ಶಾಲರ್ 1969ರಲ್ಲಿ ತಾರ್ ಅಧ್ಯಯನಕ್ಕೆ ಇಲ್ಲಿಗೇ ಬಂದರು. ಮುಂದೆ ಕ್ಲಿಫರ್ಡ್ ರೈಸ್ ವರ್ಷಗಟ್ಟಲೆ ಇಲ್ಲಿ ಕೂತು ಮಂದೆಯ ಬದುಕನ್ನು ದಾಖಲಿಸಿದರು. ದಿನವಿಡೀ ಕೂತು ನೋಡಲು ಬೇಕಾಗುವಷ್ಟು ಪ್ರಾಣಿ ಇಲ್ಲಿ ಉಳಿದಿದ್ದವು.

ಇದಕ್ಕಿಂತ ಹಳೆಯ ಕಥೆ ನೀಲಗಿರಿಯದು. ನಮಗೆ ಹತ್ತಿರದ್ದೂ ಹೌದು. ರಾಮನಗರದ ಪಕ್ಕದ ನಮ್ಮ ಕೈಲಾಂಚದಿಂದ ಹೊರಟು ಚನ್ನಪಟ್ಟಣ, ಮೈಸೂರು, ಗುಂಡ್ಲುಪೇಟೆ ದಾಟಿ ಬಂಡೀಪುರದ ಕಾಡು ಹಾದು ಮಸಿನಗುಡಿಯ ತಿರುವುಗಳನ್ನು ಏರಿದರೆ ಊಟಿ. ಕನ್ನಡವನ್ನೇ ಹೋಲುವ ಅಲ್ಲಿನ ಬಡಗರ ಮಾತು ಕಿವಿಗೆ ಬಿದ್ದಾಗ ಮನೆಯಿಂದ ತುಂಬ ದೂರ ಬಂದಿಲ್ಲ ಎನ್ನಿಸುತ್ತದೆ. 1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಈ ಬೆಟ್ಟ ಹತ್ತಿದ. ಅವನ ಹಿಂದೆಯೇ ದಂಡಿನ ಅಧಿಕಾರಿಗಳು, ತೋಟದವರು, ಅವರ ಹಿಂದೆ ಬಂದೂಕು. ತೋಡರು ಎಮ್ಮೆ ಮೇಯಿಸುತ್ತಿದ್ದ ಹುಲ್ಲುಗಾವಲಿನ ಅಂಚುಗಳಲ್ಲಿ ತಾರ್‌ಗಳು ಮಂದೆ ಮಂದೆಯಾಗಿ ಇದ್ದವು. ಅರ್ಧ ಶತಮಾನದೊಳಗೆ ಅವು ಕುಂದಾ ಬೆಟ್ಟಗಳ ಪಶ್ಚಿಮದ ಪ್ರಪಾತಗಳಿಗೆ ಒತ್ತರಿಸಿಕೊಂಡವು. ಹೆಣ್ಣು, ಮರಿ, ಬೆದೆಯ ಕಾಲ, ಮರಿ ಹಾಕುವ ಕಾಲ, ಯಾವುದನ್ನೂ ನೋಡದೆ ಹೊಡೆದ ದಿನಗಳವು.

ಮೊದಲು ದನಿ ಎತ್ತಿದವರು ಹೊಡೆದವರೇ. ‘ಹಾಕ್‌ಐ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಒಬ್ಬ ಹಳೆಯ ಸೇನಾಧಿಕಾರಿ ಊಟಿಯ ಪತ್ರಿಕೆಯಲ್ಲಿ ಬೇಟೆಗೆ ಕಾನೂನು ಬೇಕು ಎಂದು ಒತ್ತಾಯಿಸಿದ. ಅವನ ಬರಹಗಳು 1876ರಲ್ಲಿ ಪುಸ್ತಕವಾದವು. ಮರುವರ್ಷ, 1877ರಲ್ಲಿ, ನೀಲಗಿರಿ ಗೇಮ್ ಅಸೋಸಿಯೇಷನ್ ಹುಟ್ಟಿತು. 1879ರಲ್ಲಿ ಮದರಾಸು ಸರ್ಕಾರ ನೀಲಗಿರಿ ಜಿಲ್ಲೆಗೆಂದೇ ಬೇಟೆ ಮತ್ತು ಮೀನು ರಕ್ಷಣೆಯ ಕಾಯ್ದೆ ತಂದಿತು. ಲೈಸನ್ಸ್ ಇಲ್ಲದೆ ಗುಂಡು ಹಾರಿಸುವಂತಿಲ್ಲ. ಬೇಟೆಗೆ ಕಾಲ ಗೊತ್ತುಮಾಡಿದರು, ಮಿಕ್ಕ ತಿಂಗಳು ನಿಷಿದ್ಧ. ತಾರ್ ವಿಷಯದಲ್ಲಿ ಅಸೋಸಿಯೇಷನ್ನಿನ ಕಟ್ಟಳೆ ಇನ್ನೂ ಬಿಗಿ. ಹೆಣ್ಣಿಗೆ ಹೊಡೆಯಬಾರದು, ಎಳೆಯ ಕಂದು ಗಂಡಿಗೂ ಹೊಡೆಯಬಾರದು. ಬೆನ್ನ ಮೇಲೆ ಬೆಳ್ಳಿ ಪಟ್ಟೆ ಮೂಡಿದ ಹಳೆಯ ಗಂಡು, ಅಂದರೆ ಶಿಕಾರಿಗಳ ಬಾಯಲ್ಲಿ ‘ಸ್ಯಾಡಲ್‌ಬ್ಯಾಕ್’, ಅದೊಂದಕ್ಕೇ ಅನುಮತಿ.

ಈ ಕಟ್ಟಳೆಯ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಪ್ರಪಾತದ ಆಚೆ ಬದಿ, ಮಂಜು, ಗಾಳಿ. ಮುನ್ನೂರು ಗಜ ದೂರದಲ್ಲಿ ಒಂದು ಮಂದೆ. ಕೋವಿ ಎತ್ತುವ ಮೊದಲು ಅದರಲ್ಲಿ ಹೆಣ್ಣು ಯಾವುದು, ಎಳೆಯ ಗಂಡು ಯಾವುದು, ಬೆಳ್ಳಿ ಬೆನ್ನು ಯಾವುದು ಎಂದು ಬಿಡಿಸಿ ನೋಡಲೇಬೇಕು. ದುರ್ಬೀನು ಹಿಡಿದು ಹೊಟ್ಟೆಯ ಮೇಲೆ ಮಲಗಿ ತಾಸುಗಟ್ಟಲೆ ನೋಡಬೇಕು. ಹೀಗೆ ನೋಡಿ ನೋಡಿ, ಈ ವರ್ಷ ಮರಿಗಳೆಷ್ಟು, ಹೋದ ವರ್ಷ ಕಂಡ ಗಂಡು ಎಲ್ಲಿ ಹೋಯಿತು ಎಂಬ ಲೆಕ್ಕ ತಾನಾಗಿಯೇ ತಲೆಯಲ್ಲಿ ಕೂರುತ್ತದೆ. ವನ್ಯಜೀವಿ ವಿಜ್ಞಾನ ಎಂಬುದು ನಮ್ಮ ನಾಡಿನಲ್ಲಿ ಕಣ್ಣು ಬಿಡುವ ಮುಂಚೆ ಈ ಲೆಕ್ಕ ಇದ್ದದ್ದು ಶಿಕಾರಿಯ ಡೈರಿಯಲ್ಲಿ, ಅವನಿಗೆ ದಾರಿ ತೋರಿಸಿದ ಕಾಡಿನ ಜನರ ನೆನಪಿನಲ್ಲಿ. ಹೊಡೆದದ್ದನ್ನು ನಾನು ಮರೆಸುತ್ತಿಲ್ಲ. ಮಂದೆಗಳು ಕರಗಿದ್ದಕ್ಕೆ ಕೋವಿಯೇ ಮೊದಲ ಕಾರಣ. ಆದರೆ ಕರಗುತ್ತಿವೆ ಎಂದು ಮೊದಲು ಕಂಡವನೂ ಕೋವಿಯ ಹಿಂದಿದ್ದವನೇ, ಯಾಕೆಂದರೆ ಅಷ್ಟು ಹೊತ್ತು ಆ ಬಂಡೆಗಳನ್ನು ನೋಡುತ್ತ ಕೂತವರು ಬೇರೆ ಯಾರೂ ಇರಲಿಲ್ಲ.

ಈ ಸಾಲಿನ ಕೊನೆಯಲ್ಲಿ ನನಗೆ ಅತ್ಯಂತ ಆಪ್ತರೆನಿಸುವವರು ಇ.ಆರ್.ಸಿ. ಡೇವಿದಾರ್. ವೃತ್ತಿಯಿಂದ ವಕೀಲರು, ಹವ್ಯಾಸದಿಂದ ಬೇಟೆಗಾರರು, ನೀಲಗಿರಿ ಅಸೋಸಿಯೇಷನ್ನಿನಲ್ಲಿ ದುಡಿದವರು. ಬಂದೂಕಿನಿಂದ ಕ್ಯಾಮೆರಾಕ್ಕೆ ಬಂದ ಮೇಲೆ ಅವರು ಹಿಡಿದ ಕೆಲಸ ಎಣಿಕೆ. 1963ರಲ್ಲಿ ನೀಲಗಿರಿಯ ತಾರ್‌ಗಳನ್ನು ಎಣಿಸಿದರು. ಅಷ್ಟಕ್ಕೇ ನಿಲ್ಲದೆ 1975ರಿಂದ ನೀಲಗಿರಿ, ಆನೆಮಲೆ, ಪಳನಿ, ಇನ್ನೂ ದಕ್ಷಿಣದ ಬೆಟ್ಟಗಳು ಎಂದು ತಾರ್ ಇರುವ ಪ್ರತಿ ಗುಡ್ಡವನ್ನೂ ಕಾಲ್ನಡಿಗೆಯಲ್ಲಿ ಸುತ್ತಿದರು. ಒಟ್ಟು ಸುಮಾರು ಎರಡು ಸಾವಿರದ ಇನ್ನೂರು ಎಂಬ ಅವರ ಅಂದಾಜು 1978ರಲ್ಲಿ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಈ ಪ್ರಾಣಿಯ ಇಡೀ ನೆಲೆಗೆ ಸಿಕ್ಕ ಮೊದಲ ನಕ್ಷೆ ಅದು. ಯಾವ ಗುಡ್ಡಕ್ಕೂ ಯಾವ ಗುಡ್ಡಕ್ಕೂ ನಂಟು ಕಡಿದಿದೆ, ಎಲ್ಲಿ ಹತ್ತಿಪ್ಪತ್ತು ಪ್ರಾಣಿ ಮಾತ್ರ ಒಂಟಿಯಾಗಿವೆ ಎಂಬುದು ಅದರಿಂದ ತಿಳಿಯಿತು. ಅವರ ನೆನಪಿಗಾಗಿ ತಮಿಳುನಾಡು ಸರ್ಕಾರ ಪ್ರತಿ ವರ್ಷ ಅಕ್ಟೋಬರ್ 7ನ್ನು ನೀಲಗಿರಿ ತಾರ್ ದಿನವಾಗಿ ಆಚರಿಸುತ್ತದೆ. ಒಬ್ಬ ಮಾಜಿ ಬೇಟೆಗಾರನಿಗೆ ಸರ್ಕಾರವೊಂದು ಸಲ್ಲಿಸಿದ ಈ ಗೌರವ ನನಗೆ ತುಂಬ ಹಿಡಿಸುತ್ತದೆ.

ಡೇವಿದಾರ್ ಎಣಿಸುವ ಹೊತ್ತಿಗೆ ಕೋವಿಗಿಂತ ದೊಡ್ಡ ಶತ್ರು ಬಂದಾಗಿತ್ತು. ನೀಲಗಿರಿಯ ಹುಲ್ಲುಗಾವಲನ್ನು ‘ಬರಡು’ ಎಂದು ಬಗೆದು ಅಕೇಶಿಯ, ನೀಲಗಿರಿ, ಪೈನ್ ಮರಗಳನ್ನು ನೆಟ್ಟರು. ವಿದ್ಯುತ್ತಿಗೆ ಅಣೆಕಟ್ಟುಗಳೆದ್ದವು, ಕಣಿವೆಗಳು ಮುಳುಗಿದವು, ಕೆಲಸದ ಶಿಬಿರಗಳ ಸುತ್ತ ಕಳ್ಳಬೇಟೆ ಬೆಳೆಯಿತು. ತಾರ್‌ಗೆ ಬೇಕಾದದ್ದು ಎರಡೇ: ಮೇಯಲು ಬಯಲ ಹುಲ್ಲು, ಓಡಲು ಹತ್ತಿರದಲ್ಲೇ ಕಡಿದಾದ ಬಂಡೆ. ಮರ ಬೆಳೆದ ಕಡೆ ಕಾವಲಿನ ಹೆಣ್ಣಿಗೆ ದೂರ ಕಾಣುವುದಿಲ್ಲ. ದೂರ ಕಾಣದ ಕಡೆ ಮಂದೆ ನಿಲ್ಲುವುದಿಲ್ಲ. ನೀಲಗಿರಿಯ ಮುಕುರ್ತಿಯ 78 ಚದರ ಕಿಲೋಮೀಟರನ್ನು ಮುಖ್ಯವಾಗಿ ತಾರ್‌ಗಾಗಿಯೇ 1982ರಲ್ಲಿ ಅಭಯಾರಣ್ಯ ಮಾಡಿದರು, 1990ರಲ್ಲಿ ರಾಷ್ಟ್ರೀಯ ಉದ್ಯಾನ. ಅಲ್ಲಿ ಈಗಲೂ ದೊಡ್ಡ ಕೆಲಸವೆಂದರೆ ನೆಟ್ಟ ಮರಗಳನ್ನು ಕಿತ್ತು ಹುಲ್ಲನ್ನು ಮರಳಿ ತರುವುದು. 2022ರಲ್ಲಿ ತಮಿಳುನಾಡು 25 ಕೋಟಿಗೂ ಹೆಚ್ಚು ವೆಚ್ಚದ ತಾರ್ ಯೋಜನೆ ಘೋಷಿಸಿತು. 2025ರ ಏಪ್ರಿಲಿನಲ್ಲಿ ತಮಿಳುನಾಡು, ಕೇರಳ ಎರಡೂ ಒಟ್ಟಿಗೆ ಎಣಿಸಿದಾಗ ಕೇರಳದಲ್ಲಿ 1,365, ತಮಿಳುನಾಡಿನಲ್ಲಿ 1,303 ಸಿಕ್ಕವು. ಕರ್ನಾಟಕದಲ್ಲಿ ಒಂದೂ ಇಲ್ಲ.

ದೇಶದಾಚೆಗೂ ಇದೇ ದಾರಿ ಹಿಡಿದವರಿದ್ದಾರೆ, ಬೇರೆ ಕೊನೆ ಮುಟ್ಟಿದವರು. ಪಾಕಿಸ್ತಾನದ ಬಲೂಚಿಸ್ತಾನದಲ್ಲಿ ತೊರ್‌ಘರ್ ಎಂಬ ಒಣ ಬೆಟ್ಟಸಾಲಿದೆ. ಅಫ್ಘಾನ್ ಯುದ್ಧದ ದಿನಗಳಲ್ಲಿ ಅಲ್ಲಿಗೆ ಬಂದೂಕುಗಳು ಹೊಳೆಯಾಗಿ ಹರಿದು ಉರಿಯಲ್ ಎಂಬ ಕಾಡುಕುರಿಯೂ ಮಾರ್ಖೋರ್ ಎಂಬ ಕಾಡಾಡೂ ನಾಶದ ಅಂಚಿಗೆ ಬಂದವು. 1980ರ ದಶಕದ ಮಧ್ಯದಲ್ಲಿ ಅಲ್ಲಿನ ಪಠಾಣ ಮುಖಂಡರು ತಮ್ಮವರೆಲ್ಲರ ಬೇಟೆ ನಿಲ್ಲಿಸಿ, ಊರಿನ ಬೇಟೆಗಾರರನ್ನೇ ಸಂಬಳ ಕೊಟ್ಟು ಕಾವಲಿಗಿಟ್ಟರು. ಸಂಬಳದ ಹಣ ಬಂದದ್ದು ವರ್ಷಕ್ಕೆ ಕೆಲವೇ ಮುದಿ ಗಂಡುಗಳನ್ನು ಹೊರದೇಶದ ಬೇಟೆಗಾರರಿಗೆ ಬಿಟ್ಟುಕೊಟ್ಟು. ಇನ್ನೂರರ ಆಚೀಚೆ ಇದ್ದ ಉರಿಯಲ್ ಹದಿನೈದು ವರ್ಷದೊಳಗೆ ಸಾವಿರ ದಾಟಿತು. ಅಮೆರಿಕದಲ್ಲಿ 1977ರಲ್ಲಿ ಕುರಿ ಬೇಟೆಗಾರರೇ ಕಟ್ಟಿದ ಸಂಸ್ಥೆ ಇಂದು ವೈಲ್ಡ್ ಶೀಪ್ ಫೌಂಡೇಷನ್ ಎಂಬ ಹೆಸರಿನಲ್ಲಿದೆ. ಒಂದೊಂದು ಬೇಟೆಯ ಪರವಾನಗಿಯನ್ನು ಹರಾಜಿಗಿಟ್ಟು, ಬಂದ ಹಣದಲ್ಲಿ ಕುರಿಗಳನ್ನು ಹಳೆಯ ಬೆಟ್ಟಗಳಿಗೆ ಮರಳಿಸುವುದು, ಸಾಕುಕುರಿಗಳಿಂದ ಹರಡುವ ನ್ಯುಮೋನಿಯಾ ತಡೆಯುವುದು ಅವರ ಕೆಲಸ.

ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಆ ಬಾಗಿಲು ಮುಚ್ಚಿತು. ಮುಚ್ಚಿದ್ದು ಒಳ್ಳೆಯದೇ ಆಯಿತು. ನಮ್ಮ ಬೆಟ್ಟಗಳಲ್ಲಿ ಪ್ರಾಣಿಯ ತಲೆಗೆ ಹರಾಜು ಕೂಗುವುದನ್ನು ನಾನು ಬಯಸುವುದಿಲ್ಲ, ಇಷ್ಟು ಕಡಿಮೆ ಉಳಿದಿರುವಾಗ ಅದರ ಮಾತೇ ಬೇಡ. ಆದರೆ ಆ ಕಾಯ್ದೆಯ ಜೊತೆಗೆ ಇನ್ನೊಂದು ನಷ್ಟವೂ ಆಯಿತು. ಕಾಡಿನ ಜಾಡು ಬಲ್ಲವರನ್ನೆಲ್ಲ ಒಂದೇ ಏಟಿಗೆ ಅಪರಾಧಿಗಳ ಸಾಲಿಗೆ ನಿಲ್ಲಿಸಿ, ಅವರಿಗೆ ಗೊತ್ತಿದ್ದದ್ದನ್ನು ಕೇಳುವುದನ್ನೇ ಬಿಟ್ಟೆವು.

ಇದು ನನ್ನನ್ನು ಕಾಡುವುದು ನಮ್ಮೂರ ಕಡೆಯ ಬಂಡೆಗಳನ್ನು ನೋಡುವಾಗ. ರಾಮನಗರದಿಂದ ಕೈಲಾಂಚದ ಕಡೆ ತಿರುಗಿದರೆ ಎರಡು ಬದಿಗೂ ಮಾವಿನ ತೋಪು, ಹಿಪ್ಪುನೇರಳೆ ಹೊಲ, ತೆಂಗು. ಅವುಗಳ ತಲೆಯ ಮೇಲೆ ಕಲ್ಲು. ಇನ್ನೂರೈವತ್ತು ಕೋಟಿ ವರ್ಷದ ಈ ಕಲ್ಲನ್ನು ಭೂವಿಜ್ಞಾನಿಗಳು ರಾಮನಗರದ ಹಳೆಯ ಹೆಸರಿನಿಂದ ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಅವ್ವೇರಹಳ್ಳಿಯ ರೇವಣಸಿದ್ಧೇಶ್ವರ ಬೆಟ್ಟದ ಮೆಟ್ಟಿಲು ಹತ್ತಿ ನಿಂತರೆ ಬಿಸಿಲಿಗೆ ಕಾದ ಬಂಡೆಯ ವಾಸನೆ, ಬಿರುಕುಗಳಲ್ಲಿ ಬಂದರೆ ಗಿಡ, ಕೆಳಗೆ ಸೀತಾಫಲದ ಪೊದೆ. ಕಲ್ಲಿನ ಗವಿಗಳಲ್ಲಿ ಕರಡಿ, ಚಿರತೆ. ಕನಕಪುರದ ಕಡೆಯಿಂದ, ಕಾವೇರಿ ಅಭಯಾರಣ್ಯದ ಕಾಡಿನಿಂದ ಆನೆಗಳು ರಾಗಿ, ಬಾಳೆ ಹುಡುಕಿ ಬರುತ್ತವೆ. ಅತ್ತ ರಾಮದೇವರ ಬೆಟ್ಟದ ಕಡಿದಾದ ಗೋಡೆಯಲ್ಲಿ ರಣಹದ್ದುಗಳಿಗೆಂದು 2012ರಲ್ಲಿ ಅಭಯಾರಣ್ಯ ಮಾಡಿದ್ದಾರೆ. ತಾರ್ ಇಲ್ಲ ಎಂಬುದೊಂದು ಬಿಟ್ಟರೆ, ಬಂಡೆಯನ್ನೇ ನಂಬಿ ಬದುಕುವ ಪ್ರಾಣಿಗಳ ಊರು ಇದೂ ಹೌದು.

ಶಿಕಾರಿಗೂ ಈ ಸೀಮೆ ಹಳೆಯದು. 1901ರಲ್ಲೇ ಮೈಸೂರು ಸಂಸ್ಥಾನ ಬೇಟೆ ಮತ್ತು ಮೀನಿನ ರಕ್ಷಣೆಗೆ ಕಾನೂನು ಮಾಡಿತ್ತು. ಮಹಾರಾಜರ ಬೇಟೆಯ ಕಾಡೇ ಮುಂದೆ ಬಂಡೀಪುರವಾಯಿತು. ಶಿಕಾರಿ ಕಥೆಗಳ ಲೇಖಕ, ಬೆಂಗಳೂರಿನ ಕೆನೆತ್ ಆಂಡರ್ಸನ್ ವಾರದ ಕೊನೆಗೆ ಕಾರು ಹತ್ತಿ ಬರುತ್ತಿದ್ದ ಕಾಡುಗಳಲ್ಲಿ ಮಾಗಡಿಯ ಗುಡ್ಡಗಳೂ ಸೇರಿದ್ದವು. ಅಲ್ಲಿನ ಚಿರತೆಯ ಬಗ್ಗೆ ಅವರು ಬರೆದ ಕಥೆಯನ್ನು ಪೂರ್ಣಚಂದ್ರ ತೇಜಸ್ವಿಯವರು ‘ಮುನಿಶಾಮಿ ಮತ್ತು ಮಾಗಡಿ ಚಿರತೆ’ ಎಂದು ಕನ್ನಡಕ್ಕೆ ತಂದ ಮೇಲೆ ಅದು ನಮ್ಮ ಶಾಲೆಯ ಹುಡುಗರ ಬಾಯಲ್ಲೂ ಬಂತು. 1974ರಲ್ಲಿ ತೀರಿಕೊಂಡ ಆಂಡರ್ಸನ್ ಕೊನೆಯ ವರ್ಷಗಳಲ್ಲಿ ಕೋವಿ ಬಿಟ್ಟು ಕ್ಯಾಮೆರಾ ಹಿಡಿದಿದ್ದರು, ಕಾಡು ಉಳಿಯಬೇಕೆಂದು ಬರೆಯುತ್ತಿದ್ದರು. ಅವರ ಕಥೆಗಳ ಜೀವ ಇರುವುದು ಗುಂಡಿನಲ್ಲಿ ಅಲ್ಲ. ದಾರಿ ತೋರಿಸುವ ಪೂಜಾರಿ, ಇರುಳಿಗ ಬುಡಕಟ್ಟಿನವರ ಮಾತಿನಲ್ಲಿ, ಹೆಜ್ಜೆ ಗುರುತು ನೋಡಿ ಪ್ರಾಣಿಯ ವಯಸ್ಸು ಹೇಳುವವರ ಕಣ್ಣಿನಲ್ಲಿ.

ಅಂಥ ಕಣ್ಣು ಈಗಲೂ ಇದೆ. ಕೈಲಾಂಚದ ಆಚೆ ಒಂದು ಗುಡ್ಡದ ಬುಡದಲ್ಲಿ ಮೇಕೆ ಮೇಯಿಸುತ್ತಿದ್ದ ವಯಸ್ಸಾದವರೊಬ್ಬರ ಜೊತೆ ಕೂತಿದ್ದೆ. ಹೆಗಲ ಮೇಲೆ ಟವಲ್ಲು, ಕೈಯಲ್ಲಿ ಕೊಂಬೆ ಎಳೆಯಲು ಉದ್ದನೆಯ ದೋಟಿ. ಮೇಕೆಗಳು ಬಂಡೆಯ ಓರೆಯಲ್ಲಿ ನಿಂತು ಎಲಚಿ ಸೊಪ್ಪು ಹರಿಯುತ್ತಿದ್ದವು.

“ಚಿರತೆ ಕಾಟ ಇಲ್ವಾ ಯಜಮಾನ್ರೆ?” ಎಂದೆ.

“ಐತೆ ಸಾಮಿ. ವರ್ಸಕ್ಕೆ ಒಂದೋ ಎರಡೋ ಮರಿ ಅದರ ಪಾಲು ಅಂತ ಬಿಟ್ಟಿದೀನಿ. ನನ್ನ ಭಯ ಅದರದ್ದಲ್ಲ, ಉರ್ಲುದು. ನನ್ನ ಮೇಕೆನೂ ಸಿಕ್ಕಾಕೊಳ್ತದೆ, ಅದೂ ಸಿಕ್ಕಾಕೊಳ್ತದೆ.”

ಕಾಡುಹಂದಿಗೆಂದು ತೋಟದ ಬೇಲಿಯಲ್ಲಿ ಕಟ್ಟುವ ಉರುಳಿನ ಮಾತು. ಬೈಕಿನ ಕ್ಲಚ್ ವೈರೇ ಸಾಕು. ಒಂದು ತುದಿಗೆ ಕುಣಿಕೆ, ಇನ್ನೊಂದು ತುದಿ ಗೂಟಕ್ಕೋ ಮರದ ಬುಡಕ್ಕೋ. ಹಂದಿಯ ಕೊರಳಿಗೆ ಹಾಕಿದ್ದು ಅದೇ ಹಾದಿಯಲ್ಲಿ ಬರುವ ಚಿರತೆಯ ಸೊಂಟಕ್ಕೆ ಬಿಗಿಯುತ್ತದೆ. ಎಳೆದಷ್ಟೂ ಒಳಗೆ ಇಳಿಯುತ್ತದೆ. ಬೆಳಗಿನ ಹೊತ್ತಿಗೆ ಜನ ಸೇರಿ, ಅರವಳಿಕೆಯ ತಂಡ ಬರುವಷ್ಟರಲ್ಲಿ ಎಷ್ಟೋ ಸಲ ಕಾಲ ಮಿಂಚಿರುತ್ತದೆ. ನಮ್ಮ ಜಿಲ್ಲೆಯ ಬೆಟ್ಟಗಳಲ್ಲಿ ಇಂದು ಚಿರತೆಗೆ ಇರುವ ಗಂಡಾಂತರಗಳಲ್ಲಿ ಇದರಷ್ಟು ಕ್ರೂರವಾದದ್ದು ಇಲ್ಲ. ಇದಕ್ಕೆ ಸದ್ದಿಲ್ಲ, ಲೈಸನ್ಸಿಲ್ಲ, ಹೆಣ್ಣು ಗಂಡು ಮರಿ ಎಂಬ ಭೇದವೂ ಇಲ್ಲ. ಊಟಿಯ ಹಳೆಯ ಶಿಕಾರಿಗಳು ಒಂದೂವರೆ ಶತಮಾನದ ಹಿಂದೆ ಬೇಡವೆಂದು ಬಿಟ್ಟದ್ದೆಲ್ಲ ಈ ಒಂದು ತಂತಿಯಲ್ಲಿದೆ.

ಹಿರಿಯರು ಪ್ರಾಯದಲ್ಲಿ ತಾವೂ ಹಂದಿಗೆ ಉರುಳು ಹಾಕಿದವರು. ಅದನ್ನು ಮುಚ್ಚಿಡಲಿಲ್ಲ. ಇಲಾಖೆಯ ಹುಡುಗರು ಉರುಳು ಹುಡುಕಲು ಬಂದಾಗ ಎಲ್ಲಿ ನೋಡುತ್ತಾರೆ ಎಂದು ಕೇಳಿದ್ದಕ್ಕೆ ಅವರು ದೋಟಿ ಎತ್ತಿ ಎದುರಿನ ತೋಪಿನ ಬೇಲಿ ತೋರಿಸಿದರು.

“ಬೇಲಿ ಮುರಿದಿರೋ ಕಡೆ ನೋಡ್ತಾರೆ ಪಾಪ. ಅಲ್ಲಿ ಯಾರೂ ಹಾಕಲ್ಲ ಸಾಮಿ. ಬೇಲಿ ಗಟ್ಟಿಯಾಗಿ ಕಟ್ಟಿ, ಒಂದೇ ಒಂದು ಕಂಡಿ ಬಿಟ್ಟಿರ್ತಾರಲ್ಲ, ಅಲ್ಲಿ ಬಗ್ಗಿ ನೋಡ್ಬೇಕು. ಅಮಾಸೆ ಹಿಂದೆ ಮುಂದೆ ನೋಡ್ಬೇಕು. ಮಾವು ಹಣ್ಣಾಗೋ ಟೈಮಲ್ಲಂತೂ ದಿನಾ ನೋಡ್ಬೇಕು.”

ನಾನು ಬರೆದುಕೊಳ್ಳುತ್ತ ಹೋದೆ. ಕಂಡಿಯ ಎರಡು ಬದಿಗೆ ಹಸಿ ಕೊಂಬೆ ಸಿಕ್ಕಿಸಿದ್ದರೆ ಅನುಮಾನ ಪಡಬೇಕು. ನೆಲದ ತರಗು ಕೆದರಿ ಮತ್ತೆ ಹರಡಿದ್ದರೆ ಗೂಟ ಅಲ್ಲೇ ಇರುತ್ತದೆ. ಬಂಡೆಯಿಂದ ಚಿರತೆ ಇಳಿಯುವ ಹಾದಿ ಈ ಗುಡ್ಡಕ್ಕೆ ಮೂರೇ, ಅದರಲ್ಲಿ ಒಂದು ಕೆರೆಯ ಕೋಡಿಗೆ ಬಂದು ಸೇರುತ್ತದೆ, ಮೊದಲು ಕಾಯಬೇಕಾದದ್ದು ಅದನ್ನು. ಇಷ್ಟನ್ನು ಇವರನ್ನು ಯಾರಾದರೂ ಇದಕ್ಕೆ ಮುಂಚೆ ಕೇಳಿದ್ದರಾ ಎಂದೆ. “ಯಾರ್ ಕೇಳ್ತಾರೆ ಸಾಮಿ? ಕೇಳುದ್ರೆ ಜೊತೇಲಿ ಹೋಗಿ ತೋರಿಸ್ತೀನಿ, ಕಾಲು ಇನ್ನೂ ಗಟ್ಟಿ ಐತೆ” ಎಂದು ಮೇಕೆಗಳನ್ನು ಹೊಡೆದುಕೊಂಡು ಮೇಲಕ್ಕೆ ಹೊರಟರು.